ನೀರು ಎಲ್ಲಿಂದ ಬಂತು?

ನಮ್ಮ ಗ್ರಂಥಾಲಯದ ವಿಪತ್ತು ಯೋಜನೆಯಲ್ಲಿ ಒಂದು ಸಾಲನ್ನು ನಾನು ಸೇಡಿಗಾಗಿಯೇ ಬರೆದೆ. ಮಿಕ್ಕಿದ್ದೆಲ್ಲ ಪುಸ್ತಕಗಳಿಗಾಗಿ ಬರೆದದ್ದು. ಆ ಒಂದು ಸಾಲು ಮಾತ್ರ ಆಡಳಿತಾಧಿಕಾರಿಗಳಿಗಾಗಿ.

ನಮ್ಮದು ಮಂಡಿ ಮೊಹಲ್ಲಾದ ಅಂಚಿನಲ್ಲಿರುವ ಒಂದು ಖಾಸಗಿ ಟ್ರಸ್ಟಿನ ಗ್ರಂಥಾಲಯ. ಕೆಳಗೆ ಓದುವ ಕೋಣೆ, ಕಚೇರಿ. ಮೇಲೆ ಸಂಗ್ರಹ. ಹಳೆಯ ಪತ್ರಿಕೆಗಳ ಸಂಪುಟಗಳು, ತಾಳೆಗರಿಯ ಕಟ್ಟುಗಳು, ಮುಚ್ಚಿಹೋದ ನಾಟಕ ಕಂಪನಿಗಳ ಪ್ರಾಂಪ್ಟ್ ಪ್ರತಿಗಳು. ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುತ್ತಿದ್ದವರ ಕೈಯಲ್ಲಿದ್ದ ಪುಸ್ತಕಗಳು ಇವು. ಎಲ್ಲಿ ದೀಪ ಇಳಿಸಬೇಕು, ಎಲ್ಲಿ ಹಾರ್ಮೋನಿಯಂ ನಿಲ್ಲಬೇಕು, ಯಾವ ಊರಿನಲ್ಲಿ ಯಾವ ಹಾಡನ್ನು ಜನ ಎರಡನೇ ಸಲ ಹಾಡಿಸಿದರು, ಎಲ್ಲವನ್ನೂ ಅಂಚಿನಲ್ಲಿ ಗೀಚಿದ್ದಾರೆ. ಸಂರಕ್ಷಣೆಯ ಕೆಲಸ ನನ್ನದು.

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ದೊಡ್ಡ ಮಳೆ ಹುಯ್ಯಿತು. ಸಂಗ್ರಹದ ಕೋಣೆಯ ಬೀಗದಕೈ ಆಡಳಿತಾಧಿಕಾರಿಗಳ ಬಳಿ ಮಾತ್ರ ಇರುತ್ತಿತ್ತು. ಅವರು ಮನೆಯವರೊಂದಿಗೆ ಪ್ರವಾಸ ಹೋಗಿದ್ದರು. ಮೆಟ್ಟಿಲ ಮೇಲೆ ನೀರು ಇಳಿಯುತ್ತಿರುವುದನ್ನು ಕಂಡ ಕಾವಲುಗಾರ ನನಗೆ ಫೋನ್ ಮಾಡಿದ. ಬಂದು ಬಾಗಿಲ ಮುಂದೆ ನಿಂತು ಆಡಳಿತಾಧಿಕಾರಿಗಳಿಗೆ ಫೋನ್ ಮಾಡಿದೆ. "ಬೀಗ ಗೀಗ ಒಡೀಬೇಡ್ರೀ. ನಾನು ಬರ್ತೀನಲ್ಲ" ಎಂದರು. ಬರುವಷ್ಟರಲ್ಲಿ ರಜೆ ಮುಗಿದಿತ್ತು. ಒದ್ದೆಯಾದ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಬಾಗಿಲು ತೆಗೆದಾಗ ಬಂದ ವಾಸನೆಯಲ್ಲೇ ನನಗೆ ಎಲ್ಲ ಗೊತ್ತಾಯಿತು.

ಆಗ ನನ್ನ ಕೈಕೆಳಗೆ ಒಬ್ಬ ಸಹಾಯಕಿ ಇದ್ದಳು. ಗುತ್ತಿಗೆಯ ಕೆಲಸ. ಹೂಟಗಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ಪ್ರಾಂಪ್ಟ್ ಪ್ರತಿಯ ಹರಿದ ಹಾಳೆಗೆ ತೆಳು ಕಾಗದ ಅಂಟಿಸಲು ಕೂತರೆ ಊಟದ ಗಂಟೆ ಮರೆತುಬಿಡುವವಳು. ತಾರಸಿಯ ಮೂಲೆಯಲ್ಲಿ ಒದ್ದೆ ಕಲೆ ಹರಡುತ್ತಿದೆ ಎಂದು ಮಳೆಗಾಲಕ್ಕೆ ಮುಂಚೆಯೇ ಆಡಳಿತಾಧಿಕಾರಿಗಳಿಗೆ ಹೇಳಿದ್ದು ಅವಳೇ. ತಾರಸಿ ರಿಪೇರಿ ಮಾಡಿಸದೆ ಬಿಟ್ಟವರು ಅವರು. ಆದರೆ ಟ್ರಸ್ಟಿನ ಸಭೆಯಲ್ಲಿ ಅವರು ಹೇಳಿದ್ದು ಬೇರೆ: "ಆ ಹುಡುಗಿ ಕಿಟಕಿ ತೆಗೆದಿಟ್ಟು ಹೋಗಿದಾಳೆ."

ರಜೆಯ ಮುನ್ನಾದಿನ ಕಿಟಕಿಗಳ ಚಿಲಕ ಹಾಕುವಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಸಭೆಯಲ್ಲಿ ಹಾಗೆಂದು ಹೇಳಿದೆ ಕೂಡ. "ನಿಮ್ಮ ಶಿಷ್ಯೆ, ನೀವು ಹಾಗೇ ಹೇಳ್ತೀರಿ" ಎಂದು ಅವರು ನಕ್ಕರು. ಉಳಿದವರೂ ಸ್ವಲ್ಪ ನಕ್ಕರು. ಅವಳನ್ನು ಕೆಲಸದಿಂದ ತೆಗೆದರು. ಬೂಷ್ಟು ಹಿಡಿದ ಕಟ್ಟುಗಳನ್ನು ಕಸದ ಗಾಡಿಗೆ ಹಾಕಿಸಿದರು. ಒಣಗಿಸಿ ನೋಡೋಣ ಎಂದು ನಾನು ಕೈ ಮುಗಿದು ಕೇಳಿದ್ದೆ. ಮೂರು ನಾಟಕ ಕಂಪನಿಗಳ ಇಡೀ ಜೀವಮಾನವೇ ಆ ಗಾಡಿಯಲ್ಲಿ ಹೋಯಿತು. ಸೋರಿದ ಜಾಗಕ್ಕೆ ಒಂದು ಟಾರಿನ ಹಾಳೆ ಅಂಟಿಸಿ ಮುಗಿಸಿದರು. ಅಂದಿನಿಂದ ಅವರ ಮೇಲಿನ ಸಿಟ್ಟು ನನ್ನಲ್ಲೇ ಉಳಿಯಿತು. ಕಾಲ ಕಳೆದಂತೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಮುಂದಿನ ವರ್ಷ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಲು ಹೊರಗಿನ ಒಂದು ಸಂಸ್ಥೆ ನೆರವು ಕೊಡಲು ಮುಂದೆ ಬಂತು. ಗ್ರಂಥಾಲಯಕ್ಕೆ ಲಿಖಿತ ವಿಪತ್ತು ಯೋಜನೆ ಇರಬೇಕು ಎಂಬುದು ಅವರ ಷರತ್ತು. ಆಡಳಿತಾಧಿಕಾರಿಗಳು ನನ್ನನ್ನು ಕರೆದರು.

"ಒಂದು ಪ್ಲಾನ್ ಬರೆದುಕೊಡಿ ಮೇಡಂ. ನೋಡೋಕೆ ದಪ್ಪಗಿರಲಿ."

ದಪ್ಪಗೇ ಬರೆದೆ. ಕೋಣೆ ಕೋಣೆ ಸುತ್ತಿ, ಯಾವ ರ‍್ಯಾಕಿನ ಮೇಲೆ ಯಾವ ಕೊಳವೆ ಹೋಗುತ್ತದೆ, ಕರೆಂಟಿನ ಮೇನ್ ಎಲ್ಲಿ, ಬೀಗದಕೈಯ ಇನ್ನೊಂದು ಜೊತೆ ಯಾರ ಬಳಿ ಎಂದು ನಕ್ಷೆ ಬರೆದೆ. ಮೊದಲು ಎತ್ತಬೇಕಾದ ರ‍್ಯಾಕುಗಳಿಗೆ ಕೆಂಪು ಪಟ್ಟಿ ಕಟ್ಟಿಸಿದೆ. ನಮ್ಮ ಬೀದಿಯಲ್ಲಿ ಬೆಳಗ್ಗೆಯೆಲ್ಲ ಸಗಟು ಅಂಗಡಿಗಳ ಲಾರಿಗಳು ನಿಂತಿರುತ್ತವೆ, ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಎಲ್ಲಿ ನಿಂತರೆ ಪೈಪು ಮುಟ್ಟುತ್ತದೆ ಎಂದು ಅವರನ್ನೇ ಕರೆದು ತೋರಿಸಿ ಗುರುತು ಹಾಕಿಸಿದೆ. ಒದ್ದೆ ಪುಸ್ತಕ ಸಾಗಿಸಲು ಪ್ಲಾಸ್ಟಿಕ್ ಕ್ರೇಟುಗಳು ಬೇಕಿತ್ತು. ಕೊಳ್ಳಲು ಆಡಳಿತಾಧಿಕಾರಿಗಳು ಒಪ್ಪಲಿಲ್ಲ. ಎದುರು ಸಾಲಿನ ಟೊಮೇಟೊ ಸಗಟು ವ್ಯಾಪಾರಿ ಸಾಬರನ್ನು ಕೇಳಿದೆ. ಅವರು ಗಡ್ಡ ಸವರಿಕೊಂಡು, "ಕ್ರೇಟ್‌ಗೇನ್ ಮೇಡಂ, ಬೆಟ್ಟದಷ್ಟು ಬಿದ್ದಿವೆ. ಕೂಗಿ ಸಾಕು, ಹುಡುಗ್ರು ಎತ್ಕೊಂಡ್ ಬರ್ತಾರೆ. ತೊಳ್ದು ವಾಪಸ್ ಕೊಡಿ ಅಷ್ಟೇ" ಎಂದರು.

ಇಷ್ಟಾದರೂ ದೊಡ್ಡ ಪ್ರಶ್ನೆ ಉಳಿದಿತ್ತು. ಒಂದು ಇಡೀ ಸಾಲು ನೆನೆದರೆ ಅಷ್ಟನ್ನೂ ಎರಡು ದಿನದಲ್ಲಿ ಫ್ಯಾನಿನ ಗಾಳಿಗೆ ಒಣಗಿಸಲು ನಮ್ಮಲ್ಲಿ ಜಾಗವೂ ಇಲ್ಲ, ಜನವೂ ಇಲ್ಲ. ಇದಕ್ಕೆ ಇರುವ ಉಪಾಯ ಹೆಪ್ಪುಗಟ್ಟಿಸುವುದು. ಒದ್ದೆ ಪುಸ್ತಕವನ್ನು ಹಾಗೇ ಹಿಮಗಟ್ಟಿಸಿದರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ತಿಂಗಳುಗಟ್ಟಲೆ ಬಿಡುವು ಮಾಡಿಕೊಂಡು ಒಂದೊಂದೇ ಕಟ್ಟು ತೆಗೆದು ಒಣಗಿಸಬಹುದು. ತಾಳೆಗರಿಗೂ ಹಳೆಯ ಫೋಟೋಗಳಿಗೂ ಇದು ಆಗದು, ಕಾಗದಕ್ಕೆ ಆಗುತ್ತದೆ. ಆದರೆ ಅಷ್ಟು ದೊಡ್ಡ ಫ್ರೀಜರು ಎಲ್ಲಿದೆ?

ಊರಿನ ಕೈಗಾರಿಕಾ ಪ್ರದೇಶ ಮೇಟಗಳ್ಳಿಯಲ್ಲಿತ್ತು. ಹಸಿ ಬಟಾಣಿ, ಐಸ್‌ಕ್ರೀಮು ಇಡುವ ಒಂದು ಶೀತಲ ಗೋದಾಮು. ವಿಚಾರಿಸಲು ಹೋದರೆ, ಉಣ್ಣೆಯ ಟೋಪಿ, ದಪ್ಪ ಜಾಕೆಟ್ಟು ತೊಟ್ಟು ಚೇಂಬರಿನಿಂದ ಹೊರಗೆ ಬಂದವಳು ನನ್ನ ಹಳೆಯ ಸಹಾಯಕಿ!

"ಮೇಡಂ! ನೀವೇನ್ ಇಲ್ಲಿ?"

"ನೀನೇನ್ ಇಲ್ಲಿ ಕಣಮ್ಮ?"

ಗೋದಾಮಿನ ದಾಸ್ತಾನು ಈಗ ಅವಳ ಉಸ್ತುವಾರಿ. ಬಂದ ಕಾರಣ ಹೇಳಿದೆ. ಅವಳ ಮುಖ ಬಿಗಿಯಿತು. ಗ್ರಂಥಾಲಯದ ಮಾತು ಅವಳಿಗೆ ಬೇಡವಾಗಿತ್ತು. ಕೊನೆಗೆ, "ಪುಸ್ತಕದ್ದೇನ್ ತಪ್ಪು, ಬುಡಿ" ಎಂದು ಮಾಲೀಕರ ಬಳಿ ಕರೆದುಕೊಂಡು ಹೋದಳು.

ಮಾಲೀಕರು ಅಡ್ಡಡ್ಡ ತಲೆಯಾಡಿಸಿದರು. "ತಿನ್ನೋ ಪದಾರ್ಥದ ಜೊತೆ ಕೊಳಕು ಕಾಗದ ಇಡಕ್ಕಾಗಲ್ಲ ಕಣ್ರೀ. ನನ್ನ ಲೈಸೆನ್ಸ್ ಹೋಗ್ತದೆ." ವಾಪಸು ಬಂದ ಮಾಲು ಇಡುವ ಒಂದು ಸಣ್ಣ ಚೇಂಬರು ಬೇರೆಯೇ ಇದೆ, ಅದನ್ನು ಕೊಡಬಹುದು ಎಂದು ಸಹಾಯಕಿ ನೆನಪಿಸಿದಳು. ಮಾಲೀಕರು ಎರಡು ಷರತ್ತು ಹಾಕಿ ಒಪ್ಪಿದರು. ಚರಂಡಿ ನೀರಲ್ಲಿ ನೆಂದದ್ದು ಒಳಗೆ ಬರಬಾರದು. ಯಾರ್ಯಾರೋ ಫೋನ್ ಮಾಡಿದರೆ ಚೇಂಬರ್ ಖಾಲಿ ಮಾಡಿಸಲಾಗದು, ಜವಾಬ್ದಾರಿ ಇರುವ ಒಬ್ಬರೇ ಮಾಡಬೇಕು.

ಮೊದಲ ಪ್ರಯೋಗ ಕೆಟ್ಟಿತು. ರದ್ದಿ ಅಂಗಡಿಯಿಂದ ತಂದ ಪುಸ್ತಕಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕ್ರೇಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ್ದೆವು. ಹೆಪ್ಪುಗಟ್ಟುವಾಗ ಅವು ಉಬ್ಬಿ, ಬೆನ್ನು ಸೀಳಿ, ಕ್ರೇಟಿನಿಂದ ಕೀಳಲು ಬರಲಿಲ್ಲ. ಎರಡನೇ ಸಲ ಬೆನ್ನು ಕೆಳಗೆ ಮಾಡಿ, ಒಂದೇ ಪದರವಾಗಿ, ಬೆರಳು ತೂರುವಷ್ಟು ಜಾಗ ಬಿಟ್ಟು ಇಟ್ಟೆವು. ನೆಂದ ಪುಸ್ತಕವನ್ನು ತೆರೆಯಬಾರದು, ಒರೆಸಬಾರದು, ಹಿಂಡಬಾರದು ಎಂದು ದಪ್ಪಕ್ಷರದಲ್ಲಿ ಬರೆದೆ. ಸಹಾಯಕಿ ತನ್ನ ರಜೆಯ ದಿನಗಳಲ್ಲಿ ನನ್ನೊಂದಿಗೆ ಕೂತು ಇದನ್ನೆಲ್ಲ ತಿದ್ದಿದಳು. ಆಡಳಿತಾಧಿಕಾರಿಗಳ ಹೆಸರೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದಳು.

ಶೀತಲ ಗೋದಾಮಿಗೆ ಫೋನ್ ಮಾಡಬೇಕಾದ ಆ ಒಬ್ಬರು ಯಾರು? ಸಂರಕ್ಷಣೆಯ ಹೊಣೆ ನನ್ನದು, ನನ್ನ ಹೆಸರು ಹಾಕಬೇಕಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಬರೆದೆ: "ಗೋದಾಮಿನ ದಾಸ್ತಾನು ಉಸ್ತುವಾರಿಯವರಿಗೆ ಆಡಳಿತಾಧಿಕಾರಿಗಳು ಸ್ವತಃ ಕರೆ ಮಾಡತಕ್ಕದ್ದು." ಉಸ್ತುವಾರಿಯ ಹೆಸರನ್ನೂ ನಂಬರನ್ನೂ ಕೆಳಗೆ ಬರೆದೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಿತ್ತು.

ಆಡಳಿತಾಧಿಕಾರಿಗಳು ಓದದೆ ಸಹಿ ಹಾಕಿದರು. "ಒಂದ್ಸಲ ನೋಡಿ ಸರ್" ಎಂದೆ. "ನೀವು ಬರೆದ ಮೇಲೆ ಇನ್ನೇನ್ರೀ ನೋಡೋದು" ಎಂದರು. ಅಣಕು ಕಾರ್ಯಾಚರಣೆಯ ದಿನ ಅವರಿಗೆ ಯಾವುದೋ ಸನ್ಮಾನವಿತ್ತು, ಬರಲಿಲ್ಲ. ಯೋಜನೆಯ ಒಂದು ಪ್ರತಿ ಗೋದಾಮಿಗೂ ಹೋಯಿತು. ನೆರವು ಬಂತು. ತಾರಸಿ ಹಾಗೇ ಇತ್ತು. ಪ್ರತಿ ತಿಂಗಳೂ ನೆನಪಿಸಿದೆ, ಅವರು ಪ್ರತಿ ತಿಂಗಳೂ ಹೂಂ ಎಂದರು.

ಈ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಸುರಿಯಿತು. ತರಗೆಲೆಯೂ ಆಲಿಕಲ್ಲೂ ಸೇರಿ ತಾರಸಿಯ ಕೊಳವೆಯ ಬಾಯಿ ಕಟ್ಟಿತು. ನಿಂತ ನೀರು ಟಾರಿನ ಹಾಳೆಯನ್ನು ಎಬ್ಬಿಸಿ ಅದೇ ಮೂಲೆಯಿಂದ ಒಳಗೆ ಇಳಿಯಿತು. ನಾನು ಮೇಲೆಯೇ ಇದ್ದೆ. ಮೊದಲು ಹನಿ, ಆಮೇಲೆ ಹಗ್ಗದಂಥ ಧಾರೆ. ಧಾರೆ ಬೀಳುತ್ತಿದ್ದುದು ನಾಟಕದ ರ‍್ಯಾಕಿನ ಮೇಲೆ.

ಕೂಗಿ ಹೇಳಿ ಕರೆಂಟಿನ ಮೇನ್ ಆಫ್ ಮಾಡಿಸಿದೆ. ಅಕ್ಕಪಕ್ಕದ ರ‍್ಯಾಕುಗಳಿಗೆ ಪ್ಲಾಸ್ಟಿಕ್ ಹೊದಿಕೆ ಎಳೆದೆವು. ಕಾವಲುಗಾರ ತಾರಸಿ ಹತ್ತಿ ಕೊಳವೆಯ ಬಾಯಿ ಬಿಡಿಸಿದ. ನೆತ್ತಿಯ ಮೇಲೆ ಆಲಿಕಲ್ಲಿನ ಪೆಟ್ಟು ತಿಂದು ಇಳಿದು ಬಂದ. ಎದುರಿನ ಸಾಬರ ಹಮಾಲರು ತಲೆಯ ಮೇಲೆ ಕ್ರೇಟು ಹೊತ್ತು ಮೆಟ್ಟಿಲು ಹತ್ತಿದರು. ಕೆಂಪು ಪಟ್ಟಿಯವು ಮೊದಲು. ಬೆನ್ನು ಕೆಳಗೆ, ಒಂದೇ ಪದರ. ಅಂಚಿನ ಟಿಪ್ಪಣಿಗಳನ್ನು ಕೆಲವರು ನೀರು ತಾಗಿದರೆ ನೇರಳೆಯಾಗುವ ಪೆನ್ಸಿಲಿನಲ್ಲಿ ಬರೆದಿದ್ದರು. ಕ್ರೇಟಿನ ತಳದಲ್ಲಿ ನೇರಳೆ ನೀರು ನಿಲ್ಲತೊಡಗಿತು. ಅದನ್ನು ಕಂಡದ್ದೇ ಕೆಳಗೆ ಇಳಿದು ಆಡಳಿತಾಧಿಕಾರಿಗಳ ಮುಂದೆ ಯೋಜನೆಯ ಆ ಪುಟ ಹಿಡಿದೆ.

"ಸರ್, ಮೇಟಗಳ್ಳಿಗೆ ಫೋನ್ ಮಾಡಿ. ಚೇಂಬರ್ ತೆಗೆಸ್ಬೇಕು."

ಅವರು ಹೆಸರು ಓದಿದರು. ಇನ್ನೊಮ್ಮೆ ಓದಿದರು.

"ಇವಳಾ? ನೀವೇ ಮಾಡಿ."

"ನಾನು ಮಾಡಿದ್ರೆ ತೆಗೆಯಲ್ಲ ಸರ್. ನಿಮ್ಮ ಮಾತಿಗೆ ಮಾತ್ರ. ನೀವೇ ಸಹಿ ಹಾಕಿದ್ದೀರಿ."

ಫೋನ್ ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಎತ್ತುತ್ತಿಲ್ಲ. ಇಲ್ಲೇ ಫ್ಯಾನ್ ಹಾಕಿ ಒಣಗಿಸ್ಕೊಳ್ಳಿ" ಎಂದರು.

ಅಷ್ಟರಲ್ಲಿ ನನ್ನ ಫೋನಿಗೆ ಸಹಾಯಕಿಯ ಸಂದೇಶ ಬಂದಿತ್ತು: ಇಲ್ಲೂ ಆಲಿಕಲ್ಲು ಮೇಡಂ, ಅಲ್ಲಿ ಎಂಗಿದೆ, ಫೋನ್ ಕೈಲೇ ಇಟ್ಕೊಂಡಿದೀನಿ, ಯಾರೂ ಮಾಡಿಲ್ಲ.

ಒಂದು ಕ್ಷಣ ನಾನೇ ಮಾತಾಡಿ ಮುಗಿಸಿಬಿಡಲೇ ಅನ್ನಿಸಿತು. ನಾನು ಹೇಳಿದ್ದರೆ ಅವಳು ಖಂಡಿತ ಚೇಂಬರ್ ತೆಗೆಸುತ್ತಿದ್ದಳು. ಮೇಲೆ ಪುಸ್ತಕಗಳು ಕ್ರೇಟಿಗೆ ಇಳಿಯುತ್ತಲೇ ಇದ್ದವು, ಟೆಂಪೋ ಇನ್ನೂ ಬಂದಿರಲಿಲ್ಲ. ಸಮಯವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಮೇಜಿನ ಮೇಲಿಟ್ಟೆ. ಬಾಗಿಲ ಬಳಿ ಕಾವಲುಗಾರ, ಇಬ್ಬರು ಗುಮಾಸ್ತರು, ಕ್ರೇಟು ಹೊತ್ತ ಹಮಾಲರು, ಹಿಂದೆ ಸಾಬರು, ಎಲ್ಲರೂ ನಿಂತಿದ್ದರು.

"ಹೇಳಿ ಮೇಡಂ."

"ನಾನಲ್ಲ. ನಮ್ಮ ಆಡಳಿತಾಧಿಕಾರಿಗಳು ಮಾತಾಡ್ತಾರೆ."

ಫೋನನ್ನು ಅವರ ಕಡೆ ಸರಿಸಿದೆ.

"ಹಲೋ..." ಅಂದರು ಅವರು. "ನಾನಮ್ಮಾ, ಲೈಬ್ರರಿಯಿಂದ."

"ಯಾರು ಅಂತ ಸರಿಯಾಗಿ ಹೇಳಿ ಸರ್."

ಹೆಸರು ಹೇಳಿದರು. ಹುದ್ದೆ ಹೇಳಿದರು. ಅವಳ ದನಿ ಬದಲಾಗಲಿಲ್ಲ.

"ಏನ್ ನೆಂದಿದೆ ಸರ್?"

"ನಾಟಕದ ಪುಸ್ತಕಗಳು."

"ಎಷ್ಟು ಕ್ರೇಟ್ ಆಗ್ತದೆ?"

ಅವರು ನನ್ನ ಕಡೆ ನೋಡಿದರು. ನಾನು ಫೋನಿನ ಕಡೆ ಕೈ ತೋರಿಸಿದೆ. ಸಾಬರೇ ಹಿಂದಿನಿಂದ ಸಂಖ್ಯೆ ಕೂಗಿದರು.

"ನೀರು ಎಲ್ಲಿಂದ ಬಂತು ಸರ್?"

"ಅದೆಲ್ಲ ಈಗ ಯಾಕಮ್ಮಾ?"

"ಬೇಕು ಸರ್. ಚರಂಡಿ ನೀರಾದ್ರೆ ಒಳಗೆ ಬುಡಂಗಿಲ್ಲ. ಕಿಟಕಿ ತೆಗೆದಿತ್ತಾ?"

ಹೊರಗೆ ಮಳೆ ನಿಂತಿತ್ತು. ಮೇಲಿನ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು.

"ಇಲ್ಲ" ಎಂದರು.

"ಮತ್ತೆ?"

"ತಾರಸಿಯಿಂದ."

"ತಾರಸೀಲಿ ಯಾವ ಕಡೆ ಸರ್? ಹೋದ ಸಲ ಸೋರಿತ್ತಲ್ಲ, ಅಲ್ಲೇನಾ?"

"ಹೂಂ. ಅಲ್ಲೇ."

"ಸರಿ ಸರ್. ಕಳ್ಸಿ. ಚೇಂಬರ್ ಖಾಲಿ ಮಾಡಿಸ್ತೀನಿ."

ಫೋನ್ ಕಟ್ಟಾಯಿತು. ಕಾವಲುಗಾರ ಅವರ ಮುಖವನ್ನೇ ನೋಡುತ್ತ ಒದ್ದೆ ತಲೆಯನ್ನು ಟವೆಲಿನಿಂದ ನಿಧಾನವಾಗಿ ಒರೆಸಿಕೊಂಡ.

ಸಾಬರ ಟೆಂಪೋದಲ್ಲಿ ಕ್ರೇಟುಗಳನ್ನು ಹೇರಿಕೊಂಡು ಕೆಆರ್‌ಎಸ್ ರಸ್ತೆ ಹಿಡಿದೆವು. ಬಿದ್ದ ಕೊಂಬೆಗಳ ನಡುವೆ ಗಾಡಿಗಳು ತೆವಳುತ್ತಿದ್ದವು. ಗೋದಾಮಿನಲ್ಲಿ ಸಹಾಯಕಿ ಬಾಗಿಲಲ್ಲೇ ನಿಂತಿದ್ದಳು. ಪ್ರತಿ ಕ್ರೇಟನ್ನೂ ನೋಡಿ, ಮೂಸಿ, ಒತ್ತಾಗಿ ತುಂಬಿದ್ದ ಎರಡನ್ನು ಬಿಚ್ಚಿಸಿ ಮೂರು ಮಾಡಿಸಿದಳು. ಕೊನೆಯದು ಒಳಗೆ ಹೋದ ಮೇಲೆ ನನ್ನ ಪಕ್ಕದಲ್ಲಿ ಬಂದು ನಿಂತಳು.

"ಅವರ ಕೈಲಿ ಫೋನ್ ಮಾಡಿಸ್ಬೇಕು ಅಂತ ಬರ‍್ದಿದ್ದು ನೀವು ಬೇಕು ಅಂತ್ಲೇ ತಾನೆ ಮೇಡಂ?"

"ಹೌದು. ಕಿಟಕಿ ಪ್ರಶ್ನೆ ಮಾತ್ರ ನಾನು ಬರೆದಿರಲಿಲ್ಲ."

"ಅದು ನಂದು" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನಮ್ಮಪ್ಪ ಇವತ್ಗೂ ಕೇಳ್ತಾರೆ ಮೇಡಂ. ನಿಜ ಹೇಳವ್ವಾ, ಕಿಟಕಿ ತೆಗೆದಿಟ್ಟು ಬಂದ್ಬುಟ್ಟಿದ್ಯಾ ಅಂತ. ಊರೆಲ್ಲ ನನ್ನ ನಂಬ್ದೆ ಇದ್ರೂ ನಂಗೇನಿಲ್ಲ. ಅಪ್ಪನ ಕಣ್ಣಲ್ಲಿ ಆ ಡೌಟ್ ಇದ್ಯಲ್ಲ..."

ಅಲ್ಲಿಯವರೆಗೆ ಈ ಸೇಡು ನನ್ನದು ಎಂದುಕೊಂಡಿದ್ದೆ. ಅದರಲ್ಲಿ ನನ್ನ ಪಾಲು ಎಷ್ಟು ಸಣ್ಣದು ಎಂದು ಆಗ ಗೊತ್ತಾಯಿತು.

ಆ ವಾರವೇ ಟ್ರಸ್ಟಿನ ಸಭೆಯಲ್ಲಿ ಕಾರ್ಯದರ್ಶಿಯವರ ಮುಂದೆ ವರದಿ ಇಟ್ಟೆ. ಆಡಳಿತಾಧಿಕಾರಿಗಳು ಗಡಿಬಿಡಿಯಲ್ಲಿ ಏನೋ ಹೇಳಿದೆ ಎಂದರು. ಕಾರ್ಯದರ್ಶಿಯವರು ಕಾವಲುಗಾರನನ್ನೂ ಗುಮಾಸ್ತರನ್ನೂ ಕರೆಸಿದರು. ಕೇಳಿಸಿಕೊಂಡದ್ದನ್ನು ಅವರು ಅಕ್ಷರ ಬಿಡದೆ ಹೇಳಿದರು. ಈ ಸಲ ಸಭೆಯಲ್ಲಿ ಯಾರೂ ನಗಲಿಲ್ಲ. ತಾರಸಿಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹಾಕಿಸುವುದು ತೀರ್ಮಾನವಾಯಿತು. ಸಹಾಯಕಿಯ ಮೇಲಿನ ಆರೋಪ ಸುಳ್ಳೆಂದು ಬರೆದು, ಕೆಲಸಕ್ಕೆ ವಾಪಸು ಕರೆಯುವ ಪತ್ರ ತಯಾರಾಯಿತು.

"ಅಂಚೆಯಲ್ಲಿ ಕಳಿಸ್ತೀವಿ" ಎಂದರು ಕಾರ್ಯದರ್ಶಿ. ನಾನು ಅವಳಿಗೆ ಫೋನ್ ಮಾಡಿದೆ.

"ಕೆಲ್ಸ ಬೇಡ ಮೇಡಂ, ಇಲ್ಲೇ ಚೆನ್ನಾಗಿದೀನಿ. ಆದ್ರೆ ಆ ಕಾಗದ ಅಂಚೇಲಿ ಬೇಡ. ಕಿಟಕಿ ಮಾತು ಹೇಳಿದವ್ರೇ ತಂದು ನಮ್ಮಪ್ಪನ ಮುಂದೆ ಓದ್ಲಿ."

ಕಾರ್ಯದರ್ಶಿಯವರು ಒಪ್ಪಿದರು.

ಯೋಜನೆಯ ಆ ಸಾಲನ್ನು ನಾನೇ ಹೊಡೆದುಹಾಕಿದೆ. ಗೋದಾಮಿನ ಮಾಲೀಕರನ್ನೂ ಒಪ್ಪಿಸಿದೆ. ಈಗ ನಮ್ಮಲ್ಲಿ ನೀರನ್ನು ಮೊದಲು ಕಂಡವರೇ ಮೇಟಗಳ್ಳಿಗೆ ಫೋನ್ ಮಾಡಬಹುದು. ಒಬ್ಬ ಮನುಷ್ಯನ ನಾಚಿಕೆ ಕಳೆಯುವವರೆಗೆ ಕಾಗದ ಕಾಯುವುದಿಲ್ಲ. ಹೆಪ್ಪುಗಟ್ಟಿದ ಪುಸ್ತಕಗಳನ್ನು ಈಗಲೂ ವಾರಕ್ಕಿಷ್ಟು ಎಂದು ತಂದು ಒಣಗಿಸುತ್ತಿದ್ದೇವೆ. ಹಾಳೆಗಳ ನಡುವೆ ಖಾಲಿ ನ್ಯೂಸ್‌ಪ್ರಿಂಟ್ ಇಟ್ಟು, ಒದ್ದೆಯಾದ ಕೂಡಲೇ ಬದಲಿಸಿ, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ನೋಡಿಕೊಳ್ಳಬೇಕು. ಬಹುಪಾಲು ಉಳಿದಿವೆ. ನೇರಳೆ ಪೆನ್ಸಿಲಿನ ಒಂದು ಕಟ್ಟು ಉಳಿಯಲಿಲ್ಲ, ಅದರ ಅಂಚುಗಳಲ್ಲಿ ಈಗ ಬರೀ ಬಣ್ಣವಿದೆ. ಆಡಳಿತಾಧಿಕಾರಿಗಳು ಬಾಗಿಲು ಮುಚ್ಚಿಕೊಂಡು ನಿಂತಿದ್ದ ಹೊತ್ತಿನಲ್ಲೇ ಅದು ಹೋಯಿತೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಪತ್ರ ಕೊಡಲು ಒಂದು ಭಾನುವಾರ ಆಡಳಿತಾಧಿಕಾರಿಗಳೂ ನಾನೂ ಕಾರಿನಲ್ಲಿ ಹೂಟಗಳ್ಳಿಗೆ ಹೋದೆವು. ಸಹಾಯಕಿಯ ತಂದೆ, ತಮ್ಮ ಜಮೀನು ಕಾರ್ಖಾನೆಗಳ ಪಾಲಾದ ಮೇಲೆ ಅದೇ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಷರಟು. ನಾವು ಬರುತ್ತೇವೆಂದು ಉಟ್ಟು ಕೂತಿದ್ದರು.

ಆಡಳಿತಾಧಿಕಾರಿಗಳು ನಿಂತೇ ಓದಿದರು. ಮಧ್ಯದಲ್ಲಿ ಒಂದು ಸಾಲು ತಗ್ಗಿದ ದನಿಯಲ್ಲಿ ಹೋಯಿತು.

"ಅದೊಂದು ಕೇಳಿಸ್ಲಿಲ್ಲ ಸ್ವಾಮಿ" ಎಂದರು ತಂದೆ. ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ.

ಮತ್ತೆ ಓದಿದರು. ಕಿಟಕಿ ಮುಚ್ಚಿತ್ತು ಎಂಬ ಸಾಲು.

ತಂದೆ ಮಗಳ ಕಡೆ ತಿರುಗಿದರು. ಬಾಗಿಲಿಗೆ ಒರಗಿ ನಿಂತಿದ್ದ ಅವಳು ತಲೆ ತಗ್ಗಿಸಲಿಲ್ಲ. ಅವರು ಎರಡು ಸಲ ತಲೆಯಾಡಿಸಿ, "ಕೂತ್ಕೊಳ್ಳಿ ಸ್ವಾಮಿ. ಮನೆಗ್ ಬಂದಿದೀರಿ. ಅವ್ವಾ, ಎಲ್ರಿಗೂ ಕಾಫಿ ತತ್ತಾ" ಎಂದರು.

ಆ ಉಪಚಾರ ನನಗೆ ಹಿಡಿಸಲಿಲ್ಲ. ಆಡಳಿತಾಧಿಕಾರಿಗಳು ಮಾತ್ರ ಮೊದಲ ಸಲ ಉಸಿರು ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

ಅವಳು ಒಳಗಿನಿಂದ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಎರಡು ಲೋಟ. ಒಂದನ್ನು ಅಪ್ಪನಿಗೆ ಕೊಟ್ಟಳು, ಒಂದನ್ನು ನನಗೆ.

"ಇವರಿಗವ್ವಾ?"

"ಹಾಲು ಮುಗಿದೋಯ್ತು ಅಪ್ಪ."

ತಂದೆ ಮುಜುಗರದಿಂದ ತಮ್ಮ ಲೋಟವನ್ನೇ ಅವರ ಕಡೆ ಚಾಚಿದರು. ಅವಳು ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಆಡಳಿತಾಧಿಕಾರಿಗಳು ಒಮ್ಮೆ ಅವಳ ಮುಖ ನೋಡಿ, ಬೇಡವೆಂದು ಕೈಯಾಡಿಸಿದರು.

ನಾನು ನನ್ನದನ್ನು ಕುಡಿದೆ. ಬಿಸಿಯಾಗಿತ್ತು, ಚೆನ್ನಾಗಿತ್ತು.